ಅವಿರೋಧ ಊರಿನ ಉಡಿಯಕ್ಕಿ

ನಮ್ಮೂರಿನಲ್ಲಿ ಚುನಾವಣೆ ನಡೆಯುವುದಿಲ್ಲ. ನಮ್ಮ ಮಾವ ಹುಚ್ಚೀರಪ್ಪನವರು ಈ ಮಾತನ್ನು, ಬೇರೆ ಊರಿನವರು ತಮ್ಮಲ್ಲಿ ಕಳ್ಳತನ ನಡೆಯುವುದಿಲ್ಲ ಎಂದು ಹೇಳಿಕೊಳ್ಳುವ ಧಾಟಿಯಲ್ಲಿ ಹೇಳುತ್ತಿದ್ದರು. ಎಂ.ಎಲ್.ಎ., ಎಂ.ಪಿ. ಚುನಾವಣೆಗಳ ಮಾತು ಬೇರೆ. ಅವಕ್ಕೆ ಎಲ್ಲರಂತೆ ನಾವೂ ಸಾಲಿನಲ್ಲಿ ನಿಂತು ಬೆರಳಿಗೆ ಮಸಿ ಹಚ್ಚಿಸಿಕೊಂಡು ಬರುತ್ತೇವೆ. ಅವರು ಹೇಳುತ್ತಿದ್ದದ್ದು ಗ್ರಾಮ ಪಂಚಾಯಿತಿಯ ಚುನಾವಣೆ. ನಾನು ಬೆಟಗೇರಿಯಿಂದ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲೇ ಪಡಸಾಲೆಯ ಗೋಡೆಯ ಮೇಲಿದ್ದ, ಕಟ್ಟು ಹಾಕಿಸಿದ ಪತ್ರಿಕೆಯ ತುಣುಕೊಂದನ್ನು ತೋರಿಸಿದ್ದರು. ಗಾಜಿನೊಳಗೆ ಮಾವ ರುಮಾಲು ಸುತ್ತಿಕೊಂಡು ಹಿರಿಯರ ನಡುವೆ ನಿಂತಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ 'ಕಣವಿಹಾಳದಲ್ಲಿ ಮತ್ತೆ ಅವಿರೋಧ ಆಯ್ಕೆ' ಎಂದಿತ್ತು.

"ಬೆಳ್ಳಟ್ಟಿಯಿಂದ ಇಲ್ಲೀತನಕ ಹುಡುಕ್ಯಾಡವಾ, ಇಂಥಾ ಊರು ಸಿಗೂದಿಲ್ಲ. ಜಗಳಿಲ್ಲ, ತಂಟಿಲ್ಲ. ಎಲ್ಲಾರದೂ ಒಂದಾ ಮಾತು," ಎಂದಿದ್ದರು.

ಅವರ ಹೆಮ್ಮೆಗೆ ಕಾರಣವಿತ್ತು, ಅಲ್ಲಗಳೆಯಲಾರೆ. ಹಿಂದೆ ಒಂದು ಚುನಾವಣೆಯಲ್ಲಿ ಊರು ಎರಡಾಗಿ ಒಡೆದು, ನಮ್ಮ ಮನೆಯ ಬಣವೆಗೆ ಯಾರೋ ಬೆಂಕಿ ಇಟ್ಟಿದ್ದರಂತೆ. ಪಕ್ಕದಲ್ಲಿ ಕಟ್ಟಿದ್ದ ಎತ್ತನ್ನು ಬಿಡಿಸಲು ಓಡಿದ ಮಾವನ ತಮ್ಮನ ಎರಡೂ ಕೈ ಸುಟ್ಟುಹೋದವು. ಎತ್ತು ಉಳಿಯಿತು. ಆದರೆ ಅವರ ಬೆರಳುಗಳು ಸಾಯುವವರೆಗೂ ಪೂರ್ತಿ ಮಡಚಲಿಲ್ಲ. ಆ ವರ್ಷ ಬೀಗರು ಬೀಗರ ಮನೆಯ ಮದುವೆಗೆ ಹೋಗಲಿಲ್ಲ, ಸತ್ತವರಿಗೆ ಹೆಗಲು ಕೊಡಲಿಲ್ಲ. ಆಮೇಲೆ ಮಾವನವರೇ ಮುಂದೆ ನಿಂತು ಬಸವಣ್ಣನ ಗುಡಿಯ ಪೌಳಿಯಲ್ಲಿ ಊರನ್ನು ಕೂಡಿಸಿ, ಇನ್ನು ಮೇಲೆ ಹಿರಿಯರು ಕೂತು ಹೆಸರು ಹೇಳುವುದು, ಆ ಹೆಸರಿನವರೇ ಅರ್ಜಿ ಹಾಕುವುದು, ಬೇರೆ ಯಾರೂ ಹಾಕಬಾರದು ಎಂದು ಮಾತು ಮಾಡಿಸಿದರು. ಯಾರಾದರೂ ಹಾಕಿದರೆ ಮಾವ ಅವರ ಮನೆಗೆ ಹೋಗಿ ಹೆಗಲ ಮೇಲೆ ಕೈ ಇಡುತ್ತಿದ್ದರು. ಮಧ್ಯಾಹ್ನದೊಳಗೆ ಅವರು ಹಿಂದೆ ಸರಿಯುತ್ತಿದ್ದರು.

ಹಾಗೆ ಹಿಂದೆ ಸರಿದವರೆಲ್ಲ ಕೆಳಗಿನ ಓಣಿಯವರು, ಹಿರಿಯರು ಹೇಳಿದ ಹೆಸರುಗಳೆಲ್ಲ ನಮ್ಮ ಮೇಲಿನ ಓಣಿಯವು. ನನ್ನ ಬಾಯಿ ಸುಮ್ಮನಿರುವುದಿಲ್ಲ, ಒಮ್ಮೆ ರೊಟ್ಟಿ ಬಡಿಸುವಾಗ ಈ ಮಾತನ್ನು ಆಡಿಬಿಟ್ಟೆ. ಮಾವ ತುತ್ತು ಕೈಯಲ್ಲಿ ಹಿಡಿದುಕೊಂಡು, "ಹಂಗೇನಿಲ್ಲವಾ, ಯಾರು ಲಾಯಕ ಅದಾರ ಅವರನ್ನ ಆರಿಸ್ತೀವಿ," ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ನಿಜವಾಗಿಯೂ ಹಾಗೆ ಕಾಣುತ್ತಿತ್ತು. ಹೊಟ್ಟೆ ತುಂಬಿದವರ ಮನೆಯಲ್ಲಿ ಊಟದ ಹೊತ್ತು ಯಾವಾಗಲೂ ಸರಿಯಾಗಿಯೇ ಇರುತ್ತದೆ.

ಕೈ ಸುಟ್ಟುಕೊಂಡ ಆ ತಮ್ಮನ ಮಗಳೇ ಸುಶ್ಮಿತಾ. ತಾಯಿ ಹೆರಿಗೆಯಲ್ಲೇ ಹೋದಳು. ಅವಳು ಶಾಲೆಯಲ್ಲಿದ್ದಾಗ ತಂದೆಯೂ ಹೋದರು. ಅವಳನ್ನು ಬೆಳೆಸಿದ್ದು ಅಜ್ಜಿ ಗದಿಗೆವ್ವ, ಅಂದರೆ ನಮ್ಮ ಮಾವನ ತಾಯಿ. ಮನೆಯವರೆಲ್ಲ ಅವಳನ್ನು ಆಯಿ ಎನ್ನುತ್ತಾರೆ. ನನ್ನ ಅತ್ತೆ ಬಹಳ ಹಿಂದೆಯೇ ತೀರಿಕೊಂಡಿದ್ದರಿಂದ ಈ ಮನೆಯ ಒಲೆಯೂ ಬೀಗದ ಕೈಯೂ ಇಂದಿಗೂ ಆಯಿಯದೇ. ಸುಶ್ಮಿತಾಳನ್ನು ಊರೊಳಗೇ, ಕೆಳಗಿನ ಓಣಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ಶಿವಯೋಗಿಗೆ ಕೊಟ್ಟಿತ್ತು. ಆಯಿಯ ಹಟ ಅದು. ಮೊಮ್ಮಗಳು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರಬೇಕು ಎಂದು.

ಕೆಳಗಿನ ಓಣಿಗೆ ಗಟಾರ ಇರಲಿಲ್ಲ. ಮೇಲಿನ ಓಣಿಯ ಬಚ್ಚಲ ನೀರೆಲ್ಲ ಇಳಿಜಾರಿನಲ್ಲಿ ಹರಿದು ಅಲ್ಲಿಗೇ ಬರುತ್ತಿತ್ತು. ಮಳೆ ಹಿಡಿದರಂತೂ ಹೆಂಗಸರು ಹೊಸ್ತಿಲಿಗೆ ಮಣ್ಣಿನ ಒಡ್ಡು ಹಾಕಿಕೊಂಡು ಒಳಗೆ ಅಡುಗೆ ಮಾಡಬೇಕು. ನಮ್ಮ ವಾರ್ಡು ಆ ಸಲ ಮಹಿಳೆಗೆ ಮೀಸಲಾಯಿತು. ಹಿರಿಯರು ಮೇಲಿನ ಓಣಿಯ ಗೊಬ್ಬರದಂಗಡಿ ಮಲ್ಲುವಿನ ಹೆಂಡತಿ ಐಶ್ವರ್ಯಾಳ ಹೆಸರು ಹೇಳಿದರು. ಮಾರನೆಯ ದಿನ ಸುಶ್ಮಿತಾ ಯಾರನ್ನೂ ಕೇಳದೆ ಹೋಗಿ ಅರ್ಜಿ ಹಾಕಿಬಿಟ್ಟಳು.

ಹಾಕಿದವಳೇ ಸೀದಾ ನಮ್ಮ ಅಡುಗೆಮನೆಗೆ ಬಂದಳು. ಆಯಿ ಒಲೆಯ ಮುಂದೆ ಕೂತಿದ್ದಳು.

"ಆಯಿ, ನಾ ಪಂಚಾಯ್ತಿಗೆ ನಿಂತೀನಿ."

ಆಯಿ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದಳು. "ಖರೇನ?"

"ಖರೇನ. ಗಟಾರ ಆಗೂತನಕ ಬಿಡೂದಿಲ್ಲ."

ಬಯ್ಯುತ್ತಾಳೆ ಎಂದುಕೊಂಡಿದ್ದೆ. ಆಯಿ ನಕ್ಕಳು. ಬಾಯಲ್ಲಿ ಹಲ್ಲಿಲ್ಲದ ನಗೆ ಅದು, ಮುಖವೆಲ್ಲ ಹರಡಿಕೊಳ್ಳುತ್ತದೆ. "ಹಂಗಾದ್ರ ನಿನ್ನ ಗುರುತು ಯಾವುದಬೇ? ಈಗಾ ಹೇಳಿಡು. ನನಗ ಕಣ್ಣು ಮಂಜು, ಶಿಕ್ಕಾ ಮತ್ತೊಬ್ಬರ ಮ್ಯಾಲೆ ಒತ್ತಿಗಿತ್ತೇನು."

"ಗುರುತು ಇನ್ನಾ ಕೊಟ್ಟಿಲ್ಲಾಯಿ. ಹಿಂದ ತಗೊಳ್ಳೂ ದಿನ ಮುಗದ ಮ್ಯಾಲೆ ಕೊಡ್ತಾರ."

"ಹೊಲಿಗಿ ಮಷಿನ್ ಕೇಳು. ನನಗ ಜಲ್ದಿ ತಿಳೀತೈತಿ. ದಿಲ್ಲಿಯವರಿಗೆಲ್ಲಾ ಒತ್ತಿದೆ, ಬೆಂಗಳೂರವರಿಗೆಲ್ಲಾ ಒತ್ತಿದೆ. ನನ್ನ ಕೈಯಾಗ ಬೆಳದಾಕಿಗೊಂದು ಒತ್ತಿ ಹೋಗ್ತೀನಿ ತಗಿ."

ಆ ಹೊತ್ತಿನಲ್ಲಿ ಆ ಮನೆಯಲ್ಲಿ ಸುಶ್ಮಿತಾಳ ಪರವಾಗಿದ್ದ ಮೊದಲ ಮತ ಆಯಿಯದು, ಎರಡನೆಯದು ನನ್ನದು. ಆಯಿಯದು ಎಷ್ಟು ಬೇಗ ಬದಲಾಯಿತು ಎಂದು ಈಗಲೂ ನೆನೆಯುತ್ತೇನೆ.

ಸಂಜೆಗೆ ಮಾವ ಮುಖ ಕಪ್ಪಿಟ್ಟುಕೊಂಡು ಬಂದರು. ಗುಡಿಯ ಕಟ್ಟೆಯಲ್ಲಿ ಮಲ್ಲು ನಾಲ್ಕು ಜನರ ಮುಂದೆ, "ಕಾಕಾರ, ಊರಿಗೆಲ್ಲಾ ಬುದ್ಧಿ ಹೇಳೂ ಮನಿಯಾಗಿಂದಾ ಒಡಕು ಬಂತಲ್ರೀ," ಎಂದಿದ್ದನಂತೆ. ಮಾವನಿಗೆ ಅದು ಕೆನ್ನೆಗೆ ಹೊಡೆದಂತಾಗಿತ್ತು. ಸುಶ್ಮಿತಾಳನ್ನು ಕರೆಸಿ ಪಡಸಾಲೆಯಲ್ಲಿ ಕೂರಿಸಿಕೊಂಡು ಬಹಳ ಹೊತ್ತು ಹೇಳಿದರು. ಗಟಾರದ ಮಾತು ಐಶ್ವರ್ಯಾಳ ಗಂಡನ ಹತ್ತಿರ ತಾವೇ ಆಡುವುದಾಗಿ ಹೇಳಿದರು. ಅವಳು ತಲೆ ತಗ್ಗಿಸಿಕೊಂಡೇ ಉತ್ತರ ಕೊಟ್ಟಳು, ಆದರೆ ಉತ್ತರ ತಗ್ಗಲಿಲ್ಲ.

"ದೊಡ್ಡಪ್ಪಾ, ನಾ ಯಾರ ಕೂಡಾನೂ ಜಗಳಾಡಾಕ ಹೊಂಟಿಲ್ಲ. ಒಂದು ಸಲ ಎಣಿಸಾಕರ ಬಿಡು. ನಾ ಸೋತ್ರ ಐಶ್ವರ್ಯಾನ್ನ ಮನಿಗೆ ಕರದು ಹೋಳಿಗಿ ಮಾಡಿ ಉಣಸ್ತೀನಿ."

"ಎಣಿಸಿದ್ರ ಊರು ಒಡೀತೈತಿ."

"ಒಡದದ್ದು ಒಡದಾ ಐತಿ. ನಿನಗ ಮ್ಯಾಲಿನ ಓಣಿಯಾಗಿಂದ ಕಾಣೂದಿಲ್ಲ, ಅಷ್ಟಾ."

ಮಾವ ಆ ರಾತ್ರಿಯಿಂದ ಊಟ ಬಿಟ್ಟರು. ಉಪವಾಸ ಎಂದು ಹೇಳಲಿಲ್ಲ, ಹಸಿವಿಲ್ಲ ಎಂದರು. ತಾಟಿನ ಮುಂದೆ ಕೂರುವುದು, ಒಂದು ತುತ್ತು ಮುರಿಯುವುದು, ಏಳುವುದು. ಮಗ ಉಣ್ಣದೆ ಎದ್ದರೆ ತಾಯಿಗೆ ಒಲೆಯೇ ಆರಿದಂತೆ. ಆಯಿ ಮೊದಲು, "ನಿಂದರ್ಲಿ ಬಿಡೋ, ಏನಾತೀಗ?" ಎಂದಳು. ಎರಡು ದಿನ ಕಳೆದ ಮೇಲೆ ನನ್ನನ್ನು ಕರೆದು, ಸುಶ್ಮಿತಾಳಿಗೆ ಹೇಳಿ ಕಳಿಸು, ನಾಳೆ ಮುಂಜಾನೆ ಬರಲಿ, ಉಡಿ ತುಂಬುತ್ತೇನೆ ಎಂದಳು.

ನನಗೆ ತಿಳಿಯಿತು. "ಆಯಿ, ನಾಳಿಗೆ ಅರ್ಜಿ ಹಿಂದ ತಗೊಳ್ಳೂ ದಿನಾರಿ," ಎಂದೆ.

"ಗೊತ್ತೈತಿ."

"ಆಕಿಗೆ ಬ್ಯಾಡಂತ ಹೇಳೂದಿದ್ರ ಬಾಯಿಲೆ ಹೇಳ್ರಿ. ಉಡಿ ಯಾಕ ನಡಕ ತರ್ತೀರಿ?"

ಆಯಿಗೆ ಸಿಟ್ಟು ಬಂತು. "ಬರೇ ಬಾಯಿಲೆ ಕೇಳಿದ್ರ ಆಕಿಗೆ ಅವಮಾನ. ತಂದಿ ಇಲ್ಲದಾಕಿ. ತವರು ಉಡಿ ತುಂಬಿ ಕೇಳಿದ್ರ ಮಾನ ಕೊಟ್ಟಂಗ. ನಿನಗ ಇದೆಲ್ಲಾ ತಿಳಿಯೂದಿಲ್ಲ, ಸುಮ್ಮನಿರು."

ಅವಳು ಮನಸಾರೆ ಹಾಗೆಯೇ ನಂಬಿದ್ದಳು. ಅದೇ ದುಃಖ. ಮಲ್ಲುವಿನಂಥವನು ಮಾಡಿದ್ದರೆ ಮೋಸ ಎನ್ನಬಹುದಿತ್ತು. ಇದು ಅಕ್ಕರೆಯಿಂದ ಮಾಡಿದ್ದು. ಅಕ್ಕರೆಯಿಂದ ಮಾಡಿದ್ದಕ್ಕೆ ಯಾರ ಮೇಲೆ ದೂರು ಕೊಡುವುದು?

ಸುಶ್ಮಿತಾ ಬಂದಳು. ಹಸಿರು ಸೀರೆ ಉಟ್ಟಿದ್ದಳು, ಕೂದಲು ಒದ್ದೆಯಿತ್ತು. ಚುನಾವಣೆಗೆ ನಿಂತ ಮೊಮ್ಮಗಳಿಗೆ ಆಯಿ ಹರಸಿ ಉಡಿ ತುಂಬುತ್ತಾಳೆ ಎಂದುಕೊಂಡು ಬಂದಿದ್ದಳು. ಅವಳ ಮುಖ ನೋಡಿದ ಕೂಡಲೇ ನನಗದು ಗೊತ್ತಾಯಿತು. ಮಣೆಯ ಮೇಲೆ ಮೂಡಲಿಗೆ ಮುಖ ಮಾಡಿ ಕೂತು, ಸೆರಗಿನ ಎರಡೂ ಚುಂಗು ಹಿಡಿದು ಮಡಿಲು ಒಡ್ಡಿದಳು. ಆಯಿ ಕುಂಕುಮ ಹಚ್ಚಿದಳು. ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಎಲೆ ಅಡಿಕೆ, ಮೇಲೆ ಕುಬಸದ ಖಣ. ಸೆರಗು ತುಂಬಿ ಭಾರವಾಯಿತು. ಸುಶ್ಮಿತಾ ಎರಡೂ ಕೈಯಿಂದ ಅದನ್ನು ಎದೆಗೊತ್ತಿ ಹಿಡಿದುಕೊಂಡು ಎದ್ದಳು.

ಆಗ ಮಾವ ಒಳಗೆ ಬಂದರು. ಬರಿದಲೆಯಲ್ಲಿದ್ದರು. ನಾನು ಅವರನ್ನು ಮನೆಯ ಹೆಂಗಸರ ಮುಂದೆ ರುಮಾಲಿಲ್ಲದೆ ಎಂದೂ ನೋಡಿರಲಿಲ್ಲ. ರುಮಾಲು ಅವರ ಕೈಯಲ್ಲಿತ್ತು.

"ಸುಶೀ, ನಿಮ್ಮಪ್ಪನ ಕೈ ನೆನಪೈತೇನು ನಿನಗ? ತುತ್ತು ಕಲಸಾಕ ಬರತಿರಲಿಲ್ಲ ಅವಗ. ನಾನ ಕಲಸಿ ಕೊಡ್ತಿದ್ನಿ. ಅಂಥಾದ್ದು ಈ ಊರಾಗ ಮತ್ತ ಆಗಬಾರದಂತ ಇಷ್ಟು ವರ್ಷ ಬಡದಾಡೀನಿ. ನನ್ನ ಮಾತು ಉಳಸವಾ."

ಸುಶ್ಮಿತಾ ಆಯಿಯ ಮುಖ ನೋಡಿದಳು. ಆಯಿ ಕಣ್ಣು ತಪ್ಪಿಸಿ ಖಾಲಿ ತಟ್ಟೆ ನೋಡುತ್ತಿದ್ದಳು. ಉಡಿ ತುಂಬಿಸಿಕೊಂಡ ಮಗಳು ತವರಿನ ಹೊಸ್ತಿಲೊಳಗೆ 'ಇಲ್ಲ' ಎನ್ನಬಾರದು, ಎಂದರೆ ತವರಿಗೆ ಒಳ್ಳೆಯದಾಗುವುದಿಲ್ಲ ಎಂದು ಚಿಕ್ಕಂದಿನಿಂದ ಅವಳಿಗೆ ಹೇಳಿಕೊಟ್ಟವಳೇ ಆಯಿ. ಸುಶ್ಮಿತಾಳ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಕೈ ಬಿಟ್ಟರೆ ಅಕ್ಕಿ ನೆಲಕ್ಕೆ ಬೀಳುತ್ತದೆ. ನಾನೇ ಹೋಗಿ ನನ್ನ ಸೆರಗಿನಿಂದ ಒರೆಸಿದೆ.

"ಆತು ದೊಡ್ಡಪ್ಪಾ," ಎಂದಳು.

ಮಧ್ಯಾಹ್ನ ಹೋಗಿ ಅರ್ಜಿ ಹಿಂದಕ್ಕೆ ತೆಗೆದುಕೊಂಡಳು. ಸಂಜೆ ಮಾವ ಹೊಟ್ಟೆ ತುಂಬ ಉಂಡರು. ಗುಡಿಯ ಮುಂದೆ ಪಟಾಕಿ ಹಾರಿತು, ಗುಲಾಲು ಚೆಲ್ಲಾಡಿತು. ಮಾಲೆ ಹಾಕಿಸಿಕೊಂಡ ಐಶ್ವರ್ಯಾಳನ್ನು ಹಿರಿಯರ ಆಶೀರ್ವಾದಕ್ಕೆಂದು ನಮ್ಮ ಮನೆಗೆ ಕರೆತಂದರು. ಗಂಡಸರು ಪಡಸಾಲೆಯಲ್ಲಿ ಪೇಢೆ ತಿನ್ನುತ್ತಿದ್ದಾಗ ಅವಳು ನೀರು ಕೇಳಿಕೊಂಡು ಒಳಗೆ ಬಂದಳು. ನಾನು ತಂಬಿಗೆ ಕೊಟ್ಟೆ. ಕುಡಿದು ತಂಬಿಗೆ ಹಿಂದಕ್ಕೆ ಕೊಡುವಾಗ, "ಅಕ್ಕಾರ, ಸುಶ್ಮಿತಾಗ ನನ್ನ ಮ್ಯಾಲೆ ಸಿಟ್ಟು ಬ್ಯಾಡಂತ ಹೇಳ್ರಿ. ನಿಂದರ್ತೀ ಏನಂತ ನನ್ನನ್ನೂ ಯಾರೂ ಕೇಳಲಿಲ್ಲ," ಎಂದಳು. ಒಬ್ಬಳನ್ನು ಕೇಳದೆಯೇ ನಿಲ್ಲಿಸಿದರು, ಇನ್ನೊಬ್ಬಳನ್ನು ಬೇಕೆಂದರೂ ಕೂರಿಸಿದರು. ಇದಕ್ಕೆ ನಮ್ಮೂರಿನಲ್ಲಿ ಎಲ್ಲರ ಒಪ್ಪಿಗೆ ಎನ್ನುತ್ತಾರೆ.

ಮುಂದೆ ಐಶ್ವರ್ಯಾಳೇ ಅಧ್ಯಕ್ಷೆಯಾದಳು. ಕುರ್ಚಿಯಲ್ಲಿ ಮಲ್ಲು ಕೂತ. ಮಾವ ಗಟಾರದ ಮಾತು ತೆಗೆದರು, ಅವರು ಮಾತಿಗೆ ತಪ್ಪಿದವರಲ್ಲ. ಮಲ್ಲು, "ಮಾಡ್ಸೂಣ್ರಿ ಕಾಕಾರ," ಎಂದ. ಮಾಡಿಸಿದ ಕೂಡ. ಮಾರ್ಚ್ ಮುಗಿಯುವುದರೊಳಗೆ ಮೇಲಿನ ಓಣಿಗೆ ಸಿಮೆಂಟಿನ ಚಂದದ ಗಟಾರವಾಯಿತು. ಅದರ ಬಾಯಿಯನ್ನು ಕೆಳಗಿನ ಓಣಿಯ ತಲೆಯ ಮೇಲೆ ತಂದು ಬಿಟ್ಟರು. ಅಲ್ಲಿಗೆ ಕೆಲಸ ನಿಂತಿತು. ಮೊದಲು ನೀರು ಹತ್ತು ಕಡೆಯಿಂದ ಚದುರಿ ಬರುತ್ತಿತ್ತು, ಈಗ ಒಂದೇ ಬಾಯಿಂದ ಒಂದೇ ರಭಸದಲ್ಲಿ ಬರತೊಡಗಿತು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಶಿವಯೋಗಿಯ ಗಿರಣಿಯೊಳಗೆ ಮೊಣಕಾಲುದ್ದ ಕೊಳಚೆ ನಿಂತಿತು. ಜನ ಬೀಸಲು ಇಟ್ಟುಹೋಗಿದ್ದ ಜೋಳದ ಬುಟ್ಟಿಗಳು ತೇಲಿದವು. ಮೋಟರು ಸುಟ್ಟಿತು.

ಆಮೇಲೆ ನಡೆದ ಗ್ರಾಮಸಭೆಗೆ ನಾನೂ ಹೋಗಿದ್ದೆ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಐಶ್ವರ್ಯಾ ಮೇಜಿನ ಹಿಂದೆ ತಲೆ ತಗ್ಗಿಸಿ ಕೂತಿದ್ದಳು. ಮೈಕು ಮಲ್ಲುವಿನ ಕೈಯಲ್ಲಿತ್ತು. ಸುಶ್ಮಿತಾ ಎದ್ದು ನಿಂತು, ಯಾರ ಹೆಸರೂ ಎತ್ತದೆ, ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿತು ಎಂದಷ್ಟೇ ಹೇಳಿದಳು. ಗಟಾರ ಅರ್ಧಕ್ಕೆ ಯಾಕೆ ನಿಂತಿತು ಎಂದು ಕೇಳಿದಳು.

ಮಲ್ಲು ಮೈಕಿನಲ್ಲಿ ನಕ್ಕ. "ತಂಗೀ, ಹಿಂಗ ಕೇಳೂದಿದ್ರ ಆರಿಸಿ ಬಂದು ಕೇಳಬೇಕಾಗಿತ್ತು. ಹಿಂದ ಸರೀವಾಗ ಯಾರರ ನಿನ್ನ ಕೈ ಹಿಡದಿದ್ರೇನು? ನಿನ್ನ ಖುಷೀಲೆ ಸರದಿ."

"ಕೈ ಯಾರೂ ಹಿಡೀಲಿಲ್ಲ," ಎಂದಳು ಸುಶ್ಮಿತಾ. "ನನ್ನ ಕೈ ತುಂಬಿದ್ವು."

ಸಭೆಯಲ್ಲಿದ್ದವರಿಗೆ ಅದು ಅರ್ಥವಾಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಮಾವನಿಗೆ ಅರ್ಥವಾಯಿತು. ಅವರ ಕುತ್ತಿಗೆ ಕೆಂಪಾದದ್ದು ನನಗೆ ಹಿಂದಿನಿಂದ ಕಂಡಿತು.

ಕೆಲವು ದಿನಕ್ಕೆ ಶಿವಯೋಗಿಗೆ ಪಂಚಾಯಿತಿಯಿಂದ ನೋಟಿಸು ಬಂತು. ಗಿರಣಿಯ ಮುಂದಿನ ಕಟ್ಟೆ ಗಟಾರದ ಜಾಗವನ್ನು ಒತ್ತುವರಿ ಮಾಡಿದೆ, ತೆರವು ಮಾಡಬೇಕು ಎಂದು. ಇಲ್ಲದ ಗಟಾರಕ್ಕೆ ಜಾಗ! ಆ ಕಟ್ಟೆ ಶಿವಯೋಗಿಯ ಅಜ್ಜನ ಕಾಲದ್ದು. ಕೆಳಗಿನ ಓಣಿಯ ಹೆಂಗಸರು ಕಾಳಿನ ಡಬ್ಬಿ ಪಾಳಿಗಿಟ್ಟು ಕೂತು ಮಾತಾಡುವ ಜಾಗ. ಲಕ್ಷ್ಮೇಶ್ವರದ ಕಡೆಯಿಂದ ಒಂದು ಮುಂಜಾನೆ ಜೆಸಿಬಿ ಬಂತು. ಸುದ್ದಿ ಕೇಳಿದ ಮಾವ ಹೊಲಕ್ಕೆ ಹೊರಟವರು ಹಾಗೇ ತಿರುಗಿ ಕೆಳಗಿನ ಓಣಿಗೆ ಓಡಿದರು. ಹಿಂದೆಯೇ ನಾನೂ ಓಡಿದೆ. ಅವರು ಜೆಸಿಬಿಯ ಮುಂದೆ, ಅದರ ಹಲ್ಲುಗಳ ಎದುರಿಗೇ ಹೋಗಿ ನಿಂತರು.

"ನಿಲ್ಲಸ್ರಿ! ಇದಕ್ಕ ನಂದು ವಿರೋಧ ಐತಿ."

ಜೆಸಿಬಿಯ ಪಕ್ಕದಲ್ಲೇ ಬೈಕಿನ ಮೇಲಿದ್ದ ಮಲ್ಲು ಇಳಿಯಲೂ ಇಲ್ಲ. ಒಂದು ಕಾಲು ನೆಲಕ್ಕೆ ಊರಿ, ನಯವಾಗಿಯೇ ಹೇಳಿದ: "ಕಾಕಾರ, ಆ ಮಾತು ನಮ್ಮೂರಾಗ ಇಲ್ರೀ. ನೀವಾ ಕಲಿಸೀರಿ. ಸರೀರಿ, ಎಲ್ಲಾ ಕಾನೂನು ಪ್ರಕಾರನಾ ಐತಿ."

ಯಾರೋ ನಕ್ಕರು. ಮಾವ ಸುತ್ತ ನೋಡಿದರು. ಕೆಳಗಿನ ಓಣಿಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಇವರ ಕೈ ಹೆಗಲ ಮೇಲೆ ಬಿದ್ದು ಹಿಂದೆ ಸರಿದವರ ಮನೆಗಳು ಅವು. ಒಬ್ಬರೂ ಹೊಸ್ತಿಲು ದಾಟಿ ಬರಲಿಲ್ಲ. ಅವರಿಗೆ ಸಿಟ್ಟಿತ್ತು ಎನ್ನಲಾರೆ. ಬಂದು ನಿಲ್ಲುವುದು ರೂಢಿಯೇ ಇರಲಿಲ್ಲ. ಕೊನೆಗೆ ಸುಶ್ಮಿತಾ ಬಂದು ದೊಡ್ಡಪ್ಪನ ರಟ್ಟೆ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದಳು. "ಬಾ, ಬಿಸಲಾಗ ನಿಂದರಬ್ಯಾಡ," ಎಂದಳು. ಕಟ್ಟೆ ಒಡೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮನೆಗೆ ಬಂದ ಮಾವ ತಾಯಿಯ ಮುಂದೆ ಕೂತರು. "ಅವ್ವಾ, ತಪ್ಪು ಮಾಡಿದ್ವಿ. ಐದು ವರ್ಷಕ್ಕ ಓಟಿಂದು ಒಂದು ದಿನ ಇರತೈತಿ, ಅದನ್ನೂ ಆ ಮಗಳ ಕೈಯಾಗಿಂದ ಕಸಗೊಂಡ್ವಿ," ಎಂದರು. ಅವರು ಅತ್ತದ್ದನ್ನು ಅವತ್ತು ನೋಡಿದೆ. ಪತ್ರಿಕೆಯ ತುಣುಕು ಇನ್ನೂ ಗೋಡೆಯ ಮೇಲೇ ಇದೆ. ಮಾವ ಈಗ ಅದಕ್ಕೆ ಬೆನ್ನು ಮಾಡಿ ಕೂರುತ್ತಾರೆ.

ಪಂಚಮಿ ಬಂತು. ನಮ್ಮ ಕಡೆ ಹೆಣ್ಣುಮಕ್ಕಳು ಯಾವ ಹಬ್ಬ ತಪ್ಪಿಸಿದರೂ ಪಂಚಮಿಗೆ ತವರಿಗೆ ಬರುವುದನ್ನು ತಪ್ಪಿಸುವುದಿಲ್ಲ. ಆಯಿ ಮುಂಚಿನಿಂದಲೇ ಗಡಿಬಿಡಿಯಲ್ಲಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಸಿದಳು, ಜೋಳದ ಅಳ್ಳು ಹುರಿಸಿದಳು. ಜಂತಿಗೆ ಜೋಕಾಲಿ ಹಾಕಿಸಿದಳು. ನನ್ನ ಗಂಡ ವೀರೂನನ್ನು ಗದಗಿಗೆ ಕಳಿಸಿ, ತಾನು ಹೇಳಿದ ಬಣ್ಣದ್ದೇ ಎಂದು ಎರಡು ಸಲ ಹೇಳಿ ಖಣ ತರಿಸಿದಳು. ಅಕ್ಕಿಯನ್ನು ತಾನೇ ಕೂತು ಆರಿಸಿದಳು. ಕಣ್ಣು ಕಾಣದವಳು ಬೆರಳಿನಿಂದಲೇ ಕಲ್ಲು ಹುಡುಕಿ ತೆಗೆದಳು. ಈ ಸಲ ಅವಳು ಯಾಕೆ ಇಷ್ಟು ಮಾಡುತ್ತಿದ್ದಾಳೆಂದು ನಮಗೆಲ್ಲ ಗೊತ್ತಿತ್ತು, ಯಾರೂ ಆಡಲಿಲ್ಲ.

ಸುಶ್ಮಿತಾ ಬಂದಳು. ನಾಗಪ್ಪನಿಗೆ ಹಾಲೆರೆದಳು. "ಆಯಿ ಪಾಲು, ದೊಡ್ಡಪ್ಪನ ಪಾಲು, ಅಣ್ಣನ ಪಾಲು, ವೈನಿ ಪಾಲು," ಎಂದು ಒಬ್ಬರನ್ನೂ ಬಿಡದೆ ಎಲ್ಲರ ಹೆಸರಿನಲ್ಲಿ ಎರೆದಳು. ಜೋಕಾಲಿ ಆಡಿದಳು, ಉಂಡಿ ತಿಂದಳು, ನನ್ನ ಜೊತೆ ನಕ್ಕಳು. ಮಾವ ಹೊರಗೆ ಕಟ್ಟೆಯ ಮೇಲೆ ಕೂತು ಆ ನಗೆಯನ್ನು ಕೇಳಿಸಿಕೊಳ್ಳುತ್ತಿದ್ದರು. ನನಗೂ ಎದೆ ಹಗುರಾಯಿತು. ಎಲ್ಲ ಮರೆತಳು ಎಂದುಕೊಂಡೆ.

ಹೊರಡುವ ಹೊತ್ತಿಗೆ ಆಯಿ ಮಣೆ ಹಾಕಿಸಿದಳು. ಗೋಡೆ ಹಿಡಿದು ಎದ್ದು, ತಟ್ಟೆ ಎತ್ತಿಕೊಂಡು ಬಂದಳು. "ಕುಂಡ್ರು ಬಾಬೇ," ಎಂದಳು.

ಸುಶ್ಮಿತಾ ಮಣೆಯ ಹತ್ತಿರ ಬಂದು ನಿಂತಳು. ಕೂರಲಿಲ್ಲ. ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿಕೊಂಡಳು.

"ಉಡಿ ಬ್ಯಾಡಾಯಿ."

ತವರಿನ ಉಡಿಯನ್ನು ಬೇಡವೆಂದ ಮಗಳನ್ನು ನಾನು ನೋಡಿರಲಿಲ್ಲ, ಕೇಳಿಯೂ ಇರಲಿಲ್ಲ. ಜಗಳವಾಡಿ ಬಾಗಿಲು ಮುಚ್ಚಿದವರೂ ಉಡಿ ಒಡ್ಡುತ್ತಾರೆ.

ಆಯಿ ತಟ್ಟೆ ಹಿಡಿದುಕೊಂಡೇ ಇನ್ನೊಂದು ಹೆಜ್ಜೆ ಮುಂದೆ ಬಂದಳು. "ಏನೂ ಬೇಡೂದಿಲ್ಲಬೇ ಸುಶೀ. ದೇವರಾಣಿ, ಈ ಸಲ ಏನೂ ಬೇಡೂದಿಲ್ಲ. ಬರೇ ಉಡಿ."

"ಗೊತ್ತೈತಾಯಿ. ಆವತ್ತೂ ನೀ ಮೋಸಕ್ಕ ತುಂಬಲಿಲ್ಲ, ಪ್ರೀತಿಲೇನ ತುಂಬಿದಿ. ಅದಕ್ಕಾ ಅಂಜಿಕಿ ನನಗ." ಸೆರಗನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡಳು. "ಮುಂದಿನ ಸಲ ನಾ ಮತ್ತ ನಿಂದರಾಕಿ. ಈ ಮನಿ ಅಕ್ಕಿ ಮಡಲಾಗಿದ್ರ ನನಗ ಇಲ್ಲ ಅನ್ನಾಕ ಬರೂದಿಲ್ಲ. ನೀ ಉಣ್ಣಾಕ ಕರಿ, ಬರ್ತೀನಿ. ಆರಾಮಿಲ್ಲಂದ್ರ ಹಗಲೂ ರಾತ್ರಿ ಬಂದು ಕೂಡ್ತೀನಿ. ಉಡಿ ಮಾತ್ರ ಬ್ಯಾಡ."

ಬಗ್ಗಿ ಆಯಿಯ ಕಾಲು ಮುಟ್ಟಿದಳು. ಆಯಿಗೆ ಹರಸಲು ಕೈ ಎತ್ತಲಾಗಲಿಲ್ಲ, ಎರಡೂ ಕೈಯಲ್ಲಿ ತಟ್ಟೆಯಿತ್ತು. ಸುಶ್ಮಿತಾ ಹೊರಗೆ ಹೋದಳು. ಕಟ್ಟೆಯ ಮೇಲಿದ್ದ ಮಾವ ಎದ್ದು ನಿಂತು ದಾರಿ ಬಿಟ್ಟರು.

ನಾನು ತಟ್ಟೆ ಇಸಿದುಕೊಳ್ಳಲು ಹೋದೆ. ಆಯಿ ಕೊಡಲಿಲ್ಲ. ತಾನೇ ಅಡುಗೆಮನೆಗೆ ಹೋಗಿ, ಖಣ ಮತ್ತು ಕೊಬ್ಬರಿ ತೆಗೆದಿಟ್ಟು, ಅಕ್ಕಿಯನ್ನು ಡಬ್ಬಿಗೆ ಸುರಿದಳು. ಸ್ವಲ್ಪ ನೆಲಕ್ಕೆ ಚೆಲ್ಲಿತು. ಕೂತು ಒಂದೊಂದೇ ಕಾಳು ಆರಿಸತೊಡಗಿದಳು. ನಾನೂ ಪಕ್ಕದಲ್ಲಿ ಕೂತೆ. ಬಯ್ಯುತ್ತಾಳೆ, ಅಳುತ್ತಾಳೆ, ಏನಾದರೂ ಮಾಡುತ್ತಾಳೆ ಎಂದು ಕಾದೆ.

"ಐದು ವರ್ಷದಾಗ ಇನ್ನಾ ಎಷ್ಟು ಉಳದಾವಬೇ?" ಎಂದು ಕೇಳಿದಳು.

"ನಾಕರ ಮ್ಯಾಲೆ ಅದಾವರೀ ಆಯಿ."

ಆರಿಸಿದ ಕಾಳು ಅಂಗೈಯಲ್ಲಿ ಹಾಗೇ ಇದ್ದವು.

"ಅಲ್ಲೀತನಕ ನಾ ಇರಾಕಿಲ್ಲ. ಆಕಿಗೊಂದು ಶಿಕ್ಕಾ ಒತ್ತಿ ಹೋಗಬೇಕಾಗಿತ್ತು. ನನ್ನ ಕೈಲೇನಾ ಕಳಕೊಂಡೆ ನೋಡು," ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಆಕಿಗೆ ಯಾವ ಗುರುತು ಕೊಡ್ತಿದ್ರು? ಹೊಲಿಗಿ ಮಷಿನ್ ಸಿಗತಿತ್ತೇನ?"

ಹಿಂದೆ ಸರಿದವರಿಗೆ ಯಾವ ಗುರುತೂ ಇರುವುದಿಲ್ಲ. ನಾನು ಸಿಗುತ್ತಿತ್ತು ಎಂದು ಹೇಳಿದೆ.